ಎಂಟು ಬರೆದ ಕೈ

ನನಗೆ ಮರೆವು ಕಡಿಮೆ. ಯಾರು ಯಾವತ್ತು ಏನಂದರು, ಅನ್ನುವಾಗ ಅವರ ಕೈಯಲ್ಲಿ ಏನಿತ್ತು ಎನ್ನುವುದೂ ನೆನಪಿರುತ್ತದೆ. "ನಿನ್ನ ಹೊಟ್ಟ್ಯಾಗ ಬಿದ್ದಿದ್ದು ಕಲ್ಲಾಗ ಕೊರದಂಗ ನೋಡವ್ವಾ" ಎಂದು ನಮ್ಮವ್ವ ಬೈಯುತ್ತಿದ್ದಳು. ಅದು ಬೈಗುಳ ಎಂದು ನನಗೆ ಯಾವತ್ತೂ ಅನಿಸಲಿಲ್ಲ.

ಹರಪನಹಳ್ಳಿಯ ಕಾಲೇಜಿನಲ್ಲಿ ಓದುವಾಗ ನಾನು ಸಾಫ್ಟ್‌ಬಾಲ್ ಆಡುತ್ತಿದ್ದೆ. ಅದು ಬೇಸ್‌ಬಾಲಿನ ತಂಗಿ. ಚೆಂಡು ಕೊಂಚ ದೊಡ್ಡದು, ಮೈದಾನ ಕೊಂಚ ಸಣ್ಣದು, ಅಷ್ಟೇ. ನಾನು ಕ್ಯಾಚರ್. ಬ್ಯಾಟು ಹಿಡಿದವಳ ಬೆನ್ನ ಹಿಂದೆ, ಮುಖಕ್ಕೆ ಜಾಲರಿ ಕಟ್ಟಿಕೊಂಡು ಕುಕ್ಕರಗಾಲಿನಲ್ಲಿ ಕೂರಬೇಕು. ಎದುರು ತಂಡದವಳು ಎರಡನೇ ಬೇಸ್ ಅನ್ನುವ ಠಾಣೆಗೆ ಕದ್ದು ಓಡಿದರೆ, ಅವಳಿಗಿಂತ ಮೊದಲು ಚೆಂಡು ಅಲ್ಲಿಗೆ ಹೋಗುವಂತೆ ಒಗೆಯಬೇಕು. ಆ ಕೈ ನನಗೆ ಮೈದಾನದಲ್ಲಿ ಬಂದದ್ದಲ್ಲ. ಬಾಗಳಿ ಕಡೆಯ ನಮ್ಮ ಹಳ್ಳಿಯಲ್ಲಿ ಜೋಳದ ತೆನೆಗೆ ಹಾಲು ತುಂಬುವ ಹೊತ್ತಿಗೆ ಅಟ್ಟಣೆ ಹತ್ತಿ ಕವಣೆ ಬೀಸಿ ಗಿಳಿ ಓಡಿಸುತ್ತಿದ್ದೆ. ಕವಣೆ ಬೀಸಿ ರೂಢಿಯಾದ ನನ್ನ ಕೈ ಚೆಂಡು ಒಗೆಯುವಾಗಲೂ ತಲೆಯ ಮೇಲಿಂದ ಬರುತ್ತಿರಲಿಲ್ಲ, ಪಕ್ಕದಿಂದ ಸುತ್ತಿ ಬರುತ್ತಿತ್ತು. ಚೆಂಡು ಮಾತ್ರ ಹೋಗಬೇಕಾದಲ್ಲಿಗೇ ಹೋಗುತ್ತಿತ್ತು.

ದೊಡ್ಡ ಪಂದ್ಯಾವಳಿಯ ತಂಡಕ್ಕೆ ನಮ್ಮ ಕಾಲೇಜಿನಿಂದ ಒಬ್ಬ ಕ್ಯಾಚರನ್ನು ಕಳಿಸಬೇಕಿತ್ತು. ನಮ್ಮ ಪಿ.ಟಿ. ಮೇಷ್ಟ್ರು ತಮ್ಮ ಅಣ್ಣನ ಮಗಳನ್ನು ಕಳಿಸಿದರು. ಆಕೆ ಒಗೆದ ಚೆಂಡು ಎರಡನೇ ಬೇಸು ಮುಟ್ಟುವಷ್ಟರಲ್ಲಿ ಓಡಿದವಳು ಅಲ್ಲಿ ಕೂತು ತಲೆ ಬಾಚಿಕೊಳ್ಳಬಹುದಿತ್ತು. ನಾನು ಮೇಷ್ಟ್ರ ಕೋಣೆಗೆ ಹೋಗಿ ನನ್ನ ಅಂಕದ ಹಾಳೆ ಕೇಳಿದೆ. ಅವರ ಒಂದು ಕೈಯಲ್ಲಿ ಚಹಾದ ಲೋಟ ಇತ್ತು. ಇನ್ನೊಂದು ಕೈಯಿಂದ ಹಾಳೆ ಎಳೆದು ಕೊಟ್ಟರು. ‘ಕವಣೆ ಕೈ. ಕುರಿ ಕಾಯಲು ಸಾಕು, ಆಟಕ್ಕಲ್ಲ. ಹತ್ತಕ್ಕೆ ಎರಡು.’

"ಇಟ್ಕಳವ್ವ, ಕಟ್ಟು ಹಾಕ್ಸು" ಎಂದು ನಕ್ಕರು. ನಾನು ಕಟ್ಟು ಹಾಕಿಸಲಿಲ್ಲ, ಲ್ಯಾಮಿನೇಶನ್ ಮಾಡಿಸಿದೆ.

ಇದಾಗಿ ಹದಿನೆಂಟು ವರ್ಷ. ಈಗ ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಅರ್ಜಿ ಟೈಪ್ ಮಾಡುತ್ತೇನೆ, ಪಹಣಿ ತೆಗೆದುಕೊಡುತ್ತೇನೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಊಟಕ್ಕೆ ಏಳಲೂ ಬಿಡುವಿರುವುದಿಲ್ಲ, ಉಳಿದ ದಿನ ಮಧ್ಯಾಹ್ನ ಪೂರ್ತಿ ಖಾಲಿ. ಆ ಖಾಲಿ ಹೊತ್ತಿನಲ್ಲಿ ನಾನು ಮಾಡುವ ಕೆಲಸ ಕೇಳಿದರೆ ಜನ ನಗುತ್ತಾರೆ. ಕಂಪ್ಯೂಟರಿನ ಒಂದು ಬೇಸ್‌ಬಾಲ್ ಆಟಕ್ಕೆ ಹೊಸ ಆಟಗಾರರ ಅಂಕ ಹಾಕುತ್ತೇನೆ. ಈ ಆಟದ ಹುಚ್ಚು ಹಿಡಿದವರ ಗುಂಪೊಂದು ಇಂಟರ್‌ನೆಟ್ಟಿನಲ್ಲಿದೆ, ನಾನು ಅದರಲ್ಲೊಬ್ಬಳು. ಯಾವುದೋ ದ್ವೀಪದ ಹದಿನೇಳರ ಹುಡುಗನ ವಿಡಿಯೋ ಬರುತ್ತದೆ. ಅವನ ಕೈಗೆ ಎಷ್ಟು, ಕಾಲಿಗೆ ಎಷ್ಟು, ಕಣ್ಣಿಗೆ ಎಷ್ಟು, ನಡತೆಗೆ ಎಷ್ಟು ಎಂದು ನೋಡಿ ಹಾಕಬೇಕು. ಕಡಿಮೆ ಎಂದರೆ ಇಪ್ಪತ್ತು, ಹೆಚ್ಚೆಂದರೆ ಎಂಬತ್ತು. ಪ್ರತಿಯೊಂದಕ್ಕೂ ಎರಡು ಅಂಕ: ಇವತ್ತು ಎಷ್ಟಿದ್ದಾನೆ, ಮುಂದೆ ಎಷ್ಟಾಗಬಲ್ಲ.

ಹೊಸಬರೆಲ್ಲ ಮಾಡುವ ತಪ್ಪೊಂದಿದೆ, ನಾನೂ ಮಾಡಿದ್ದೆ. ಚಂದ ಕಂಡ ಹುಡುಗರಿಗೆಲ್ಲ ಎಪ್ಪತ್ತು, ಎಂಬತ್ತು ಸುರಿಯುವುದು. ಆಮೇಲೆ ಆಟವನ್ನು ಇಪ್ಪತ್ತು ವರ್ಷ ಮುಂದಕ್ಕೆ ಓಡಿಸಿ ನೋಡಿದರೆ ಲೋಕದ ತುಂಬ ಶೂರರೇ. ಹಾಗೆ ಎಲ್ಲೂ ಆಗುವುದಿಲ್ಲ. ಹತ್ತು ಹುಡುಗರಲ್ಲಿ ಒಂಬತ್ತು ಮಂದಿ ಎಲ್ಲೋ ಉಳಿದುಬಿಡುತ್ತಾರೆ. ಆ ಒಂಬತ್ತರ ಅಂಕ ಸರಿಯಾಗಿ ಹಾಕಿದವಳೇ ಈ ಕೆಲಸ ಬಲ್ಲವಳು. ಅದಕ್ಕೇ ಗುಂಪಿನಲ್ಲಿ ಒಂದು ಕಟ್ಟುನಿಟ್ಟಿದೆ: ಹೆಸರು, ಊರು, ಮುಖ ಯಾವುದನ್ನೂ ನೋಡುವಂತಿಲ್ಲ. ಒಬ್ಬರು ವಿಡಿಯೋಗಳನ್ನು ಕಲಸಿ ಬೇರೆ ನಂಬರು ಹಾಕುತ್ತಾರೆ, ಇನ್ನೊಬ್ಬರು ಅಂಕ ಕೊಡುತ್ತಾರೆ.

ನನಗೆ ಇದೇನೂ ಹೊಸದಲ್ಲ. ನಮ್ಮಪ್ಪ ಕುರಿ ಸಾಕಿದವನು. ಬೀಜಕ್ಕೆ ಯಾವ ಟಗರುಮರಿ ಬಿಡಬೇಕೆಂದು ಆರಿಸುವಾಗ ಕಣ್ಣು ಮುಚ್ಚಿಕೊಂಡು, ಮರಿಯ ಬೆನ್ನಿನ ಮೇಲೆ ಸೊಂಟದ ಹತ್ತಿರ ಬೆರಳಿಟ್ಟು ಒತ್ತಿ ನೋಡುತ್ತಿದ್ದ. "ಕಣ್ಣು ಕೋಡು ನೋಡತೈತಿ, ಬಣ್ಣ ನೋಡತೈತಿ, ಮೋಸ ಹೋಗತೈತಿ. ಬೆರಳು ಹೋಗಂಗಿಲ್ಲ" ಅನ್ನುತ್ತಿದ್ದ. ಇನ್ನೊಂದು ಮಾತೂ ಹೇಳಿದ್ದ. "ಸಿಟ್ಟು ಬಂದಾಗ ಮಾತ್ರ ಮರಿ ಮುಟ್ಟಬ್ಯಾಡ. ಸಿಟ್ಟಿನಾಗ ಬೆರಳೂ ಸುಳ್ಳು ಹೇಳತೈತಿ." ಮೊದಲನೆಯದನ್ನು ನಾನು ಚೆನ್ನಾಗಿ ಕಲಿತೆ.

ಗುಂಪಿಗೆ ಕೊಡುವ ಅಂಕದಲ್ಲಿ ನಾನು ಎಂದೂ ಮೋಸ ಮಾಡಿದವಳಲ್ಲ. ಆದರೆ ನನ್ನ ಕಂಪ್ಯೂಟರಿನಲ್ಲಿ ನನ್ನದೇ ಒಂದು ತಂಡ ಇತ್ತು, ಯಾರಿಗೂ ತೋರಿಸದ್ದು. ಅದರಲ್ಲಿ ನಾನು ಹದಿನೆಂಟರ ಕ್ಯಾಚರ್. ಕೈ ಎಂಬತ್ತು, ನಡತೆ ಎಪ್ಪತ್ತು. ಅದೇ ತಂಡದಲ್ಲಿ ಮೇಷ್ಟ್ರಿಗೂ ಹದಿನೆಂಟು ವರ್ಷ. ಅವರ ಕೈ ಇಪ್ಪತ್ತು, ಕಾಲು ಇಪ್ಪತ್ತು, ಕಣ್ಣು ಇಪ್ಪತ್ತು, ನಡತೆ ಇಪ್ಪತ್ತು. ಅದಕ್ಕಿಂತ ಕೆಳಗೆ ಹಾಕಲು ಆಟ ಬಿಡುವುದಿಲ್ಲ, ಬಿಟ್ಟಿದ್ದರೆ ಹಾಕುತ್ತಿದ್ದೆ. ಬೇಜಾರಾದಾಗೆಲ್ಲ ಒಂದು ಸೀಸನ್ ಓಡಿಸುತ್ತಿದ್ದೆ. ಮೇಷ್ಟ್ರು ಬ್ಯಾಟು ಹಿಡಿದು ಬರುತ್ತಿದ್ದರು, ಮೂರು ಸಲ ಗಾಳಿಗೆ ಬೀಸುತ್ತಿದ್ದರು, ಹೋಗುತ್ತಿದ್ದರು. ಹೀಗೆ ಅವರು ಔಟಾದದ್ದು ಎಷ್ಟು ಸಲವೋ ಲೆಕ್ಕವಿಟ್ಟಿಲ್ಲ. ಒಂದೊಂದು ಸಲವೂ ಹೊಟ್ಟೆ ತಣ್ಣಗಾಗುತ್ತಿತ್ತು.

ಕಳೆದ ವರ್ಷ ಹಡಗಲಿಯ ಶಾಲೆಯೊಂದರ ಪಿ.ಟಿ. ಟೀಚರ್ ಯಾವುದೋ ಅರ್ಜಿಯ ಜೆರಾಕ್ಸಿಗೆ ಬಂದವರು ನನ್ನ ಪರದೆ ನೋಡಿ ನಿಂತುಬಿಟ್ಟರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಕಡೆಯ ಹೈಸ್ಕೂಲು ಹುಡುಗಿಯರಲ್ಲಿ ಹದಿನಾಲ್ಕು ಮಂದಿಯನ್ನು ಆರಿಸಿ ಒಂದು ಸಾಫ್ಟ್‌ಬಾಲ್ ತಂಡ ಕಟ್ಟಲು ಅವರು ಓಡಾಡುತ್ತಿದ್ದರು. ತಂಡಕ್ಕೆ ಬಂದವರಿಗೆ ಬೇಸಿಗೆಯಲ್ಲಿ ಒಂದು ತಿಂಗಳ ತರಬೇತಿ, ಆಮೇಲೆ ಹೊರಗಿನ ಪಂದ್ಯ.

"ಆರಿಸಾಕ ಮೂರು ಮಂದಿ ಬೇಕ್ರಿ. ನಾನೊಬ್ಬಾಕಿ. ನೀವು ಬರ್ರಿ. ಇನ್ನೊಬ್ರು ನಿಮ್ಮ ಕಾಲೇಜಿನ ಹಳೇ ಪಿ.ಟಿ. ಸರ್, ರಿಟೈರ್ ಆಗ್ಯಾರ, ಒಪ್ಪಿಕೊಂಡಾರ" ಎಂದರು.

ಒಪ್ಪಿಕೊಳ್ಳಲು ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

ಮೇಷ್ಟ್ರಿಗೆ ಮೊಣಕಾಲು ನೋವು, ಐದು ಊರು ತಿರುಗಲಾರರು. ಹಾಗಾಗಿ ನಾನು ಹೋಗಿ ಎಲ್ಲರ ವಿಡಿಯೋ ತೆಗೆದು ತರುವುದು, ಮೂವರೂ ನನ್ನ ಅಂಗಡಿಯಲ್ಲಿ ಕೂತು ನೋಡಿ ಅಂಕ ಕೊಡುವುದು ಎಂದಾಯಿತು. ಒಬ್ಬೊಬ್ಬರದು ಹತ್ತು ಅಂಕ, ಕೂಡಿದರೆ ಮೂವತ್ತು. ಹದಿನಾಲ್ಕನೇ ಜಾಗಕ್ಕೆ ಇಬ್ಬರು ಸಮ ಬಂದರೆ ಅವರಿಬ್ಬರ ವಿಡಿಯೋ ಇನ್ನೊಮ್ಮೆ ನೋಡಿ ತೀರ್ಮಾನಿಸುವುದು. ಐದು ಊರಿನ ನಲವತ್ತು ಹುಡುಗಿಯರ ಎದೆಗೂ ನಂಬರಿನ ಚೀಟಿ ಚುಚ್ಚಿ, ಒಂದೇ ಬಗೆಯ ಟೋಪಿ ಹಾಕಿಸಿ, ಬೆನ್ನ ಹಿಂದಿನಿಂದ ವಿಡಿಯೋ ತೆಗೆದೆ. ಕೈ ಎಲ್ಲಿಂದ ಬರುತ್ತದೆ ಎಂಬುದು ಹಿಂದಿನಿಂದಲೇ ಚೆನ್ನಾಗಿ ಕಾಣುವುದು.

ಕೊಟ್ಟೂರಿನ ಮೈದಾನದಲ್ಲಿ ಹನ್ನೊಂದನೇ ಚೀಟಿಯ ಹುಡುಗಿ ಕ್ಯಾಚರ್ ಜಾಗದಿಂದ ಎದ್ದು ಚೆಂಡು ಒಗೆದಳು. ನಾನು ಮೊಬೈಲು ಕೆಳಗಿಳಿಸಿದೆ. ಕೈ ಪಕ್ಕದಿಂದ ಸುತ್ತಿ ಬಂದಿತ್ತು. ಎರಡನೇ ಬೇಸಿನಲ್ಲಿ ನಿಂತ ಹುಡುಗಿ ಕೈಗವಸು ಅಲುಗಿಸಬೇಕಾಗಿಯೂ ಬರಲಿಲ್ಲ, ಚೆಂಡು ತಾನೇ ಹೋಗಿ ಅದರೊಳಗೆ ಕೂತಿತು. ಇನ್ನೊಮ್ಮೆ ಒಗೆಸಿದೆ. ಮತ್ತೆ ಅದೇ.

"ಈ ಕೈ ಯಾರು ಕಲಿಸಿದ್ರು ನಿನಗ?"

"ಯಾರೂ ಇಲ್ರಿ ಅಕ್ಕಾರ. ಹೊಲದಾಗ ಕವಣಿ ಬೀಸ್ತೀನ್ರಿ, ಗಿಳಿ ಬರ್ತಾವು." ಆಮೇಲೆ ತಾನಾಗಿಯೇ ಹೇಳಿದಳು. "ನಮ್ಮವ್ವನ ತಂದಿ ಹರಪನಹಳ್ಳಿ ಕಾಲೇಜಿನಾಗ ಪಿ.ಟಿ. ಸರ್ ಆಗಿದ್ರು."

ನಾನು ಅಂಕದ ಪುಸ್ತಕ ತೆಗೆದೆ. "ಅಜ್ಜಾರು ನಿನ್ನ ಆಟ ನೋಡ್ಯಾರೇನು?"

"ಇಲ್ರಿ. ಟೀಮಿಗೆ ಬಂದಮ್ಯಾಲೆ ತೋರಸ್ತೀನಿ."

ನನ್ನ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಒಂಬತ್ತು ಎಂದು ಬರೆದೆ. ಅದು ಬೆರಳು ಹೇಳಿದ ಅಂಕ. ಹರಪನಹಳ್ಳಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಉಳಿದದ್ದನ್ನೆಲ್ಲ ಯೋಚಿಸಿ ಮುಗಿಸಿದೆ.

ಯೋಚಿಸಲು ಹೆಚ್ಚೇನೂ ಇರಲಿಲ್ಲ. ಗುಂಪಿನ ಕಟ್ಟುನಿಟ್ಟನ್ನೇ ಪಾಲಿಸಿದೆ. ನಲವತ್ತು ವಿಡಿಯೋ ಕಲಸಿ ಹೊಸ ನಂಬರು ಕೊಟ್ಟೆ. ಚೀಟಿಯಲ್ಲಿ ಹನ್ನೊಂದಾಗಿದ್ದ ಕೊಟ್ಟೂರಿನ ಹುಡುಗಿ ವಿಡಿಯೋದಲ್ಲಿ ಇಪ್ಪತ್ತಾರಾದಳು. ವಿಡಿಯೋದ ಹನ್ನೊಂದು ಕೂಡ್ಲಿಗಿಯ ಒಬ್ಬ ಗಾರೆ ಕೆಲಸದವನ ಮಗಳದಾಯಿತು. ನಂಬರು ಬದಲಾಗಿದೆ ಎಂದು ಟೀಚರಿಗೆ ಫೋನು ಮಾಡಿ ಹೇಳಿದೆ. ಮೇಷ್ಟ್ರಿಗೆ ಹೇಳಲಿಲ್ಲ. ಮರೆತು ಅಲ್ಲ. ಮೊಮ್ಮಗಳು ಅಜ್ಜನಿಗೆ ತನ್ನ ಚೀಟಿಯ ನಂಬರು ಹೇಳಿಯೇ ಇರುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಅಜ್ಜ ಆ ನಂಬರನ್ನು ಏನು ಮಾಡುತ್ತಾರೆ ಎಂಬುದಂತೂ ಹದಿನೇಳು ವರ್ಷದಿಂದ ಗೊತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಮೂವರೂ ಅಂಗಡಿಯಲ್ಲಿ ಕೂತೆವು. ಮೇಷ್ಟ್ರಿಗೆ ನನ್ನ ಗುರುತು ಹತ್ತಲಿಲ್ಲ. "ನೀನೂ ನಮ್ಮ ಕಾಲೇಜಿನಾಕೇನವ್ವ? ಚಲೋ ಆತು" ಎಂದರು. ಅವರ ಪಾಲಿಗೆ ನಾನು ಅಷ್ಟೇ. ಹೆಸರಿಲ್ಲದ ವಿಡಿಯೋ ಎಂದು ಟೀಚರ್ ಹೇಳಿದಾಗ ಎಲ್ಲರಿಗಿಂತ ಮೊದಲು ಒಪ್ಪಿದವರು ಅವರೇ. "ಆಗ್ಲಿ ಬಿಡ್ರಿ. ನಾನು ಯಾವತ್ತೂ ಮುಖ ನೋಡಿ ಮಾರ್ಕ್ಸ್ ಕೊಟ್ಟೋನೇ ಅಲ್ಲ."

ನಾನು ಚಹಾ ತರಿಸಿದೆ. ಅವರ ಕೈಯಲ್ಲಿ ಲೋಟ ಇರಲಿ ಎಂಬುದು ನನ್ನ ಆಸೆಯಾಗಿತ್ತು.

ಹನ್ನೊಂದನೇ ವಿಡಿಯೋ ಬಂತು. ಕೂಡ್ಲಿಗಿಯ ಹುಡುಗಿ ಎರಡು ಸಲ ಚೆಂಡು ಕೈಬಿಟ್ಟಳು, ಮೂರನೇ ಸಲ ಒಗೆದದ್ದು ನೆಲಕ್ಕೆ ಬಡಿದು ಹೋಯಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. "ಆಹಾ! ನೋಡ್ರಿ, ಕೈ ನೋಡ್ರಿ. ಇದು ಕಲಿಸಿದ್ರ ಬರೋದಲ್ಲ, ರಕ್ತದಾಗ ಬರ್ಬೇಕು." ಒಂಬತ್ತು ಬರೆದರು. ಟೀಚರ್ ನನ್ನ ಮುಖ ನೋಡಿ ಐದು ಬರೆದರು. ನಾನೂ ಐದು ಬರೆದೆ. ನಗು ತಡೆಯಲು ಪ್ರಿಂಟರಿಗೆ ಹಾಳೆ ತುಂಬುವವಳಂತೆ ಬಗ್ಗಬೇಕಾಯಿತು.

ಇಪ್ಪತ್ತಾರು ಬಂತು. ಚೆಂಡು ಹೋಗಿ ಕೂತಿತು. ಟೀಚರ್ "ಅಬ್ಬಾ" ಎಂದು ಎಂಟು ಬರೆದರು. ಮೇಷ್ಟ್ರು ತುಟಿ ಸೊಟ್ಟ ಮಾಡಿದರು.

"ಇದೇನ್ರಿ ಇದು, ಕವಣಿ ಕೈ. ಗಿಳಿ ಹೊಡಿಯಾಕ ಸಾಕು." ತಮ್ಮ ಹಾಳೆಯಲ್ಲಿ ಅದನ್ನೇ ಬರೆದರು, ಕೆಳಗೆ ಎರಡು.

ಹದಿನೇಳು ವರ್ಷದಲ್ಲಿ ಅವರು ಒಂದು ಮಾತನ್ನೂ ಹೊಸದಾಗಿ ಕಲಿತಿರಲಿಲ್ಲ. ನನ್ನ ಮೈಯೆಲ್ಲ ಬಿಸಿಯಾಯಿತು. ಅದು ಸಂತೋಷ, ಸುಳ್ಳೇಕೆ ಹೇಳಲಿ. ಈಗ ನನ್ನ ಪೆನ್ನಿನ ಸರದಿ. ಎರಡೂ ಎಂಟೂ ಹತ್ತು. ನನ್ನ ಒಂಬತ್ತು ಕೂಡಿದರೆ ಹತ್ತೊಂಬತ್ತು, ಹನ್ನೊಂದನೇ ವಿಡಿಯೋಕ್ಕೆ ಬಂದಷ್ಟೇ. ಸಮ ಬಂದರೆ ಮತ್ತೆ ನೋಡಬೇಕು, ಮತ್ತೆ ನೋಡಿದರೆ ಟೀಚರ್ ಬಿಡುವುದಿಲ್ಲ, ಇಪ್ಪತ್ತಾರನ್ನೇ ಹಿಡಿಯುತ್ತಾರೆ. ಹದಿನಾಲ್ಕನೇ ಜಾಗ ಎಷ್ಟಕ್ಕೆ ನಿಲ್ಲುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ ನಿಜ. ಆದರೆ ನಲವತ್ತೂ ಹುಡುಗಿಯರನ್ನು ಮೈದಾನದಲ್ಲಿ ನೋಡಿದವಳು ನಾನೊಬ್ಬಳೇ, ಅಂದಾಜು ನನಗಿತ್ತು.

ಎಂಟು ಬರೆದೆ.

ಎಂಟೂ ಒಳ್ಳೆಯ ಅಂಕವೇ ಅಲ್ಲವೇ, ಟೀಚರೂ ಅಷ್ಟೇ ಕೊಟ್ಟಿದ್ದಾರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಕೂಡಿ ಮುಗಿಯಿತು. ಹದಿನಾಲ್ಕನೇ ಜಾಗ ಹತ್ತೊಂಬತ್ತಕ್ಕೆ, ಹನ್ನೊಂದನೇ ವಿಡಿಯೋಕ್ಕೇ ನಿಂತಿತು. ನಾನು ಹೆಸರಿನ ಪಟ್ಟಿ ತೆಗೆದು ಒಂದೊಂದಾಗಿ ಓದಿದೆ. ಹನ್ನೊಂದನೇ ವಿಡಿಯೋದ ಮುಂದೆ ಕೂಡ್ಲಿಗಿಯ ಹುಡುಗಿಯ ಹೆಸರು ಬಂದಾಗ ಮೇಷ್ಟ್ರು ಎದ್ದೇ ನಿಂತರು.

"ತಡಿ ತಡಿ. ಹನ್ನೊಂದು ನಮ್ಮ ಹುಡುಗೀದಲ್ಲೇನು?"

"ಯಾವ ಹುಡುಗಿ ಸರ್?" ಎಂದು ಬೆಣ್ಣೆಯಂಥ ದನಿಯಲ್ಲಿ ಕೇಳಿದೆ.

ಟೀಚರ್ ಮೇಷ್ಟ್ರನ್ನು ನೋಡಿದರು, ಅವರ ಹಾಳೆಯ ಒಂಬತ್ತನ್ನು ನೋಡಿದರು, ತಮ್ಮ ಬ್ಯಾಗಿನ ಝಿಪ್ಪು ಎಳೆದುಕೊಂಡರು. ಅವರಿಗೆ ಎಲ್ಲ ತಿಳಿದುಹೋಗಿತ್ತು. ನಾನು ಪಟ್ಟಿ ಮುಂದುವರಿಸಿ ಇಪ್ಪತ್ತಾರನೆಯದರ ಹೆಸರು ಓದಿದೆ, ಕೊಟ್ಟೂರು ಎಂದೆ, ತಂದೆಯ ಹೆಸರನ್ನೂ ಓದಿದೆ. ಹದಿನೆಂಟು ಅಂಕ, ಹದಿನೈದನೇ ಸ್ಥಾನ. ಆಮೇಲೆ ಮೇಜಿನ ಡ್ರಾಯರಿನಿಂದ ಲ್ಯಾಮಿನೇಶನ್ ಮಾಡಿಸಿದ ನನ್ನ ಹಾಳೆ ತೆಗೆದು ಅವರ ಹೊಸ ಹಾಳೆಯ ಪಕ್ಕದಲ್ಲಿಟ್ಟೆ. ಅದೇ ಅಕ್ಷರ, ಅದೇ ಕವಣೆ, ಅದೇ ಎರಡು.

ಅವರು ಎರಡನ್ನೂ ಓದಿದರು.

"ನಿನಗ ಗೊತ್ತಿತ್ತು" ಎಂದರು.

"ಗೊತ್ತಿತ್ರಿ ಸರ್. ಜೆರಾಕ್ಸ್ ಬೇಕೇನ್ರಿ? ಕಟ್ಟು ಹಾಕ್ಸಾಕ?"

ಅವರು ಕನ್ನಡಕದ ಡಬ್ಬಿ ಅಲ್ಲೇ ಮರೆತು ಮೆಟ್ಟಿಲಿಳಿದು ಹೋದರು. ನಾನು ಅಂಗಡಿಗೆ ಬೀಗ ಹಾಕಿ, ಎರಡು ಪ್ಲೇಟು ಮಂಡಕ್ಕಿ, ಆರು ಮೆಣಸಿನಕಾಯಿ ಬಜ್ಜಿ ತಿಂದೆ. ಅಷ್ಟು ರುಚಿಯಾದ ಮಂಡಕ್ಕಿಯನ್ನು ನಾನು ಹಿಂದೆ ತಿಂದಿರಲಿಲ್ಲ.

ಹತ್ತು ದಿನ ಹಾಗೇ ಹೋಯಿತು. ಹನ್ನೊಂದನೇ ದಿನ ಮಧ್ಯಾಹ್ನ ಹುಡುಗಿ ಬಂದಳು. ಕೊಟ್ಟೂರಿನಿಂದ ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು, ಕೈಯಲ್ಲೊಂದು ನೋಟ್‌ಬುಕ್ಕು. ಅಜ್ಜನ ಪರವಾಗಿ ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡು ನಾನು ಮಾತು ಜೋಡಿಸಿಕೊಂಡೆ. ಬಂದರೆ ಬರಲಿ, ಹಳೆಯ ಹಾಳೆ ಇನ್ನೂ ಮೇಜಿನ ಮೇಲೇ ಇತ್ತು.

ಅವಳು ಕುರ್ಚಿಯ ಅಂಚಿನಲ್ಲಿ ಕೂತಳು. "ಹಡಗಲಿ ಟೀಚರ್ ನನ್ನ ಮಾರ್ಕ್ಸ್ ಕೊಟ್ರು ಅಕ್ಕಾರ. ಎರಡು, ಎಂಟು, ಎಂಟು."

"ಎರಡು ಯಾರು ಕೊಟ್ರು ಗೊತ್ತೈತೇನು?"

"ಗೊತ್ತೈತ್ರಿ. ಅಜ್ಜಾರು ಉಣ್ಣವಲ್ರು, ಮೂಲ್ಯಾಗ ಕುಂತಾರ. ಅವರಿಗೆ ಕವಣಿ ಕೈ ಸೇರಂಗಿಲ್ಲ, ಅದು ಬಿಡ್ರಿ." ನೋಟ್‌ಬುಕ್ಕು ತೆರೆದಳು, ಪೆನ್ನಿನ ಟೋಪಿ ಬಾಯಲ್ಲಿ ಕಚ್ಚಿ ಎಳೆದಳು. "ನಿಮಗ ಇಂಥ ಕೈ ಗೊತ್ತೈತಿ, ನೀವೂ ಹಿಂಗೇ ಒಗೀತಿದ್ರಂತ, ಟೀಚರ್ ಹೇಳಿದ್ರು. ಅದಕ್ಕ ನಿಮ್ಮನ್ನೇ ಕೇಳಾಕ ಬಂದೆ. ನೀವು ಎಂಟು ಕೊಟ್ಟೀರಿ. ಇನ್ನೊಂದು ಬಂದಿದ್ರ ಸಮ ಆಗತಿತ್ತಂತ. ಆ ಒಂದು ಯಾತಕ್ಕ ಹೋತು ಹೇಳ್ರಿ. ತಿದ್ದಿಕೊಂತೀನಿ."

ಫ್ಯಾನು ತಿರುಗುತ್ತಿತ್ತು. ಹೊರಗೆ ಯಾವುದೋ ಬಸ್ಸಿನವನು ಹಡಗಲಿ, ಹಡಗಲಿ ಎಂದು ಕೂಗುತ್ತಿದ್ದ. ಆ ಒಂದು ಅಂಕ ಎಲ್ಲಿಗೆ ಹೋಯಿತೆಂದು ನಾನು ಹೇಳಬಹುದಿತ್ತು. ನನ್ನ ಪುಸ್ತಕ ತೆರೆದು, ಕೊಟ್ಟೂರಿನ ಮೈದಾನದಲ್ಲಿ ಬರೆದ ಒಂಬತ್ತನ್ನು ತೋರಿಸಬಹುದಿತ್ತು. ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು.

"ಕಾಲು" ಎಂದೆ. "ಎಡಗಾಲು. ಒಗಿಯೋವಾಗ ಒಂಚೂರು ತಡ ಊರ್ತೀ. ಮೊದಲೇ ಊರಬೇಕು."

ಅದು ಶುದ್ಧ ಸುಳ್ಳು. ಅವಳ ಎಡಗಾಲು ಊರಬೇಕಾದ ಹೊತ್ತಿಗೇ ಊರುತ್ತಿತ್ತು. ಆ ಕೈಯ ಜೀವವೇ ಆ ಕಾಲಿನಲ್ಲಿತ್ತು.

ಅವಳು ಬರೆದುಕೊಂಡಳು. ಬರೆದು ಕೆಳಗೆ ಗೆರೆ ಎಳೆದಳು. "ಥ್ಯಾಂಕ್ಸ್ ರೀ ಅಕ್ಕಾರ. ಅಜ್ಜಾರು ನನಗ ಹಿಂಗ ಬಿಡಿಸಿ ಏನೂ ಹೇಳಂಗಿಲ್ಲ" ಎಂದಳು. ನಾನು ಕೊಟ್ಟ ಕನ್ನಡಕದ ಡಬ್ಬಿ ತೆಗೆದುಕೊಂಡು ಹೋದಳು.

ಕೊಟ್ಟೂರಿನ ಬಸ್ಸು ಬರಲು ಹೊತ್ತಿತ್ತು. ನನ್ನ ಅಂಗಡಿಯಿಂದ ಬಸ್ ಸ್ಟ್ಯಾಂಡಿನ ಕಟ್ಟೆ ಕಾಣುತ್ತದೆ. ಹುಡುಗಿ ನೋಟ್‌ಬುಕ್ಕನ್ನು ಕಟ್ಟೆಯ ಮೇಲಿಟ್ಟು, ಖಾಲಿ ಕೈ ಬೀಸಿ ಎಡಗಾಲನ್ನು ಮೊದಲೇ ಊರಿದಳು. ಮತ್ತೆ ಊರಿದಳು. ಮೆಕ್ಕೆಜೋಳದ ಚೀಲದ ಮೇಲೆ ಕೂತಿದ್ದ ಹೆಂಗಸರು ಅವಳನ್ನು ನೋಡಿ ನಗುತ್ತಿದ್ದರು. ಮೂರನೇ ಸಲಕ್ಕೇ ಕೈ ತೊಡರಲು ಶುರುವಾಗಿತ್ತು, ಅಷ್ಟು ದೂರದಿಂದಲೂ ನನಗದು ಕಂಡಿತು. ನಾನು ಬಾಗಿಲಿನವರೆಗೆ ಹೋದೆ. ಒಂದು ಮಾತು ಕೂಗಿದ್ದರೆ ಸಾಕಿತ್ತು. ಆದರೆ ಕಾಲು ಸರಿ ಇದೆ ಎಂದರೆ ಒಂದು ಅಂಕ ಎಲ್ಲಿ ಎಂದು ಮತ್ತೆ ಕೇಳುತ್ತಾಳೆ. ಬಸ್ಸು ಬಂತು, ಹತ್ತಿ ಹೋದಳು.

ಒಳಗೆ ಬಂದು ನನ್ನ ತಂಡ ತೆರೆದೆ. ಮೇಷ್ಟ್ರು ಇದ್ದರು, ಎಲ್ಲದಕ್ಕೂ ಇಪ್ಪತ್ತು. ನಾನಿದ್ದೆ: ಕೈ ಎಂಬತ್ತು, ನಡತೆ ಎಪ್ಪತ್ತು. ನಡತೆಯ ಅಂಕವನ್ನು ಕೆಳಗಿಳಿಸುತ್ತ ಹೋದೆ. ಇಪ್ಪತ್ತಕ್ಕೆ ಬಂದು ನಿಂತಿತು, ಅದಕ್ಕಿಂತ ಕೆಳಗೆ ಹೋಗಲಿಲ್ಲ.

ಮೇಷ್ಟ್ರದನ್ನು ಮಾತ್ರ ಏರಿಸಲಿಲ್ಲ.